ನಗು ಎಲ್ಲಿದೆಯೋ ಪಾಠವೂ ಅಲ್ಲೇ ಇರಲಿ: ಟಿವಿ ಕಾಮಿಡಿ ತುಣುಕು ಹಿಡಿದು ಅರ್ಥಶಾಸ್ತ್ರ ಕಲಿಸುವ ಬಗೆ

ಪಿಯು ಮಕ್ಕಳಿಗೆ ಕ್ಲಾಸಿನಲ್ಲಿ ಕಾಮಿಡಿ ಹಾಕಿದರೆ ನಗುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಮಾರನೇ ದಿನ ಕೇಳಿ ನೋಡಿ: ಜೋಕನ್ನು ಅಕ್ಷರ ಬಿಡದೆ ಒಪ್ಪಿಸುತ್ತಾರೆ, ಸೀಮಾಂತ ವೆಚ್ಚ (ಇನ್ನೊಂದನ್ನು ಹೆಚ್ಚಿಗೆ ಮಾಡಲು ತಗಲುವ ಖರ್ಚು) ಎಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ತಪ್ಪು ಮಕ್ಕಳದ್ದಲ್ಲ, ತುಣುಕಿನದು. ಅದರಲ್ಲಿ ನಗು ಒಂದು ಕಡೆ ಇತ್ತು, ಪಾಠ ಇನ್ನೊಂದು ಕಡೆ ಇತ್ತು.

ಹಾಗಾಗಿ ತುಣುಕು ಆರಿಸುವಾಗ ಒಂದೇ ಪರೀಕ್ಷೆ ಸಾಕು. ದೃಶ್ಯ ನೋಡಿ ನಕ್ಕ ಮೇಲೆ ‘ಇಲ್ಲಿ ನಗು ಯಾಕೆ ಬಂತು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೇಳಲು ಆ ಪರಿಕಲ್ಪನೆ ಬೇಕೇ ಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ‘ಅವನ ಮುಖ ನೋಡಿ’, ‘ಗಂಡಸು ಸೀರೆ ಉಟ್ಟಿದ್ದು ನೋಡಿ’ ಎಂಬುದಷ್ಟೇ ಉತ್ತರವಾದರೆ ಎಷ್ಟು ಚೆನ್ನಾಗಿದ್ದರೂ ಬಿಡಿ. ನಮ್ಮ ಕನ್ನಡ ವಾಹಿನಿಗಳ ಸ್ಕಿಟ್ ಸ್ಪರ್ಧೆಗಳ ತುಣುಕುಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಯಂಥ ಧಾರಾವಾಹಿಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿರುವುದು ಮನೆ, ಕ್ಲಿನಿಕ್ಕು, ಖರ್ಚು, ಸಾಲ. ಹುಡುಕುವಾಗ ಪಾತ್ರದ ಹೆಸರು ಹಿಡಿದು ಹೊರಡಬೇಡಿ. ಬಿಲ್ ಯಾರು ಕೊಡಬೇಕೆಂಬ ಜಗಳ, ಚೌಕಾಸಿ, ಕ್ಯೂ, ಪಾಲು ಹಂಚುವುದು, ‘ಇಷ್ಟು ದುಡ್ಡು ಹಾಕಿದ್ದೇನೆ, ಈಗ ಬಿಡೋಕಾಗುತ್ತಾ’ ಎಂಬ ಮಾತು ಬರುವ ಜಾಗಗಳನ್ನು ಹುಡುಕಿ. ಅರ್ಥಶಾಸ್ತ್ರ ಅಡಗಿ ಕೂತಿರುವುದು ಅಲ್ಲಿ.

ಕೊಡಗಿನ ಕ್ಲಾಸಿಗೆ ಇನ್ನೊಂದು ಜರಡಿಯೂ ಬೇಕು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಬ್ಯಾರಿ, ಮಲಯಾಳ, ಯರವ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಇನ್ನೊಬ್ಬರ ಉಚ್ಚಾರಣೆಯನ್ನು ಅಣಕಿಸಿ ನಗಿಸುವ ತುಣುಕು ಇಲ್ಲಿ ಬೇಡ. ಒಬ್ಬ ಹುಡುಗ ಮುದುಡಿ ಕೂತರೆ ಆ ಪಿರಿಯಡ್ ಅವನ ಪಾಲಿಗೆ ಮುಗಿದಂತೆ.

ಮಾತು ಬೇಡದ ದೃಶ್ಯದಿಂದ ಶುರುಮಾಡಿ

ಮೊದಲ ಸಲ ಪ್ರಯತ್ನಿಸುವವರು 1952ರ ಅಮೆರಿಕದ ‘ಐ ಲವ್ ಲೂಸಿ’ಯ ಚಾಕೊಲೇಟ್ ಕಾರ್ಖಾನೆ ದೃಶ್ಯ ತೆಗೆದುಕೊಳ್ಳಬಹುದು. ಇಂಗ್ಲಿಷ್ ಬಾರದವರಿಗೂ ಅರ್ಥವಾಗುತ್ತದೆ. ಇಬ್ಬರು ಹೆಂಗಸರು ಬೆಲ್ಟಿನ ಮುಂದೆ ನಿಂತಿದ್ದಾರೆ. ಸಾಗಿಬರುವ ಚಾಕೊಲೇಟಿಗೆ ಕಾಗದ ಸುತ್ತುವುದು ಕೆಲಸ. ಸುತ್ತದ ಒಂದೇ ಒಂದು ಚಾಕೊಲೇಟ್ ಮುಂದಕ್ಕೆ ಹೋದರೂ ಕೆಲಸ ಹೋಯಿತೆಂದು ಮೇಲ್ವಿಚಾರಕಿ ಗದರಿಸಿ ಹೋಗುತ್ತಾಳೆ. ಬೆಲ್ಟಿನ ವೇಗ ಏರುತ್ತದೆ. ಕೈ ಸಾಲದೆ ಇಬ್ಬರೂ ಚಾಕೊಲೇಟನ್ನು ಬಾಯಿಗೆ, ಟೋಪಿಗೆ, ಬಟ್ಟೆಯೊಳಗೆ ತುರುಕಿಕೊಳ್ಳುತ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟ್ ಖಾಲಿ. ಭೇಷ್ ಎಂದು, ಬೆಲ್ಟ್ ಇನ್ನೂ ಜೋರಾಗಿ ಓಡಿಸಲು ಹೇಳುತ್ತಾಳೆ.

ಇದನ್ನು ಬಹಳ ಮಂದಿ ಇಳಿಮುಖ ಪ್ರತಿಫಲ ನಿಯಮಕ್ಕೆ ತೋರಿಸುತ್ತಾರೆ. ಅದು ತಪ್ಪು, ಮತ್ತು ಈ ತಪ್ಪೇ ಪಾಠಕ್ಕೆ ಒಳ್ಳೆಯ ಬಾಗಿಲು. ಇಳಿಮುಖ ಪ್ರತಿಫಲ, ಅಂದರೆ ಬದಲಾಗುವ ಅನುಪಾತಗಳ ನಿಯಮದಲ್ಲಿ ಒಂದು ಆದಾನ (ಉತ್ಪಾದನೆಗೆ ಹಾಕುವ ಜಮೀನು, ದುಡಿಮೆಯಂಥದ್ದು) ಸ್ಥಿರವಾಗಿರಬೇಕು, ಇನ್ನೊಂದು ಹೆಚ್ಚುತ್ತಾ ಹೋಗಬೇಕು; ಆಗ ಒಂದು ಹಂತದ ಮೇಲೆ ಸೇರುವ ಫಲ ಇಳಿಯುತ್ತದೆ. ಇಲ್ಲಿ ಕೆಲಸಗಾರರು ಶುರುವಿನಿಂದ ಕೊನೆಯವರೆಗೂ ಇಬ್ಬರೇ. ಹೆಚ್ಚಿದ್ದು ಬೆಲ್ಟಿನ ವೇಗ, ಅಂದರೆ ಅವರ ಕೈಗೆ ಬಂದು ಬೀಳುವ ಮಾಲು. ‘ಈ ದೃಶ್ಯ ಇಳಿಮುಖ ಪ್ರತಿಫಲಕ್ಕೆ ಉದಾಹರಣೆಯೇ? ಹೌದಾದರೆ ಯಾವ ಆದಾನ ಹೆಚ್ಚಿತು?’ ಎಂದು ಕೇಳಿ. ಹತ್ತು ನಿಮಿಷ ಕ್ಲಾಸು ತಾನೇ ನಡೆಯುತ್ತದೆ. ನಿಯಮದ ಷರತ್ತು ಅವರ ಬಾಯಿಂದಲೇ ಹೊರಡುತ್ತದೆ.

ಆಮೇಲೆ ಬೋರ್ಡಿನ ಮೇಲೆ ನಿಜವಾದ ಉದಾಹರಣೆ ಹಾಕಿ. ಒಂದು ಎಕರೆ ರೊಬಸ್ಟಾ ಕಾಫಿ, ಒಂದು ದಿನ, ಹಣ್ಣು ಕುಯ್ಯುವವರ ಸಂಖ್ಯೆ ಒಂದರಿಂದ ಆರು. ಒಟ್ಟು ಕೊಯ್ಲು ಕ್ರಮವಾಗಿ 90, 190, 280, 350, 390, 390 ಕೆ.ಜಿ. ಎಂದು ಇಟ್ಟುಕೊಳ್ಳೋಣ. ಸೀಮಾಂತ ಉತ್ಪನ್ನವನ್ನು (ಒಬ್ಬರು ಹೆಚ್ಚಾದಾಗ ಸೇರುವ ಕೊಯ್ಲು) ಮಕ್ಕಳೇ ಬರೆಯಲಿ: 90, 100, 90, 70, 40, 0. ಎರಡನೆಯವರು ಬಂದಾಗ ಏರಿದ್ದು ಯಾಕೆ (ಒಬ್ಬರು ಕೊಂಬೆ ಬಗ್ಗಿಸಿ ಹಿಡಿದರೆ ಇನ್ನೊಬ್ಬರು ಕುಯ್ಯುತ್ತಾರೆ, ಚೀಲ ಹೊರುವುದು ಹಂಚಿಹೋಗುತ್ತದೆ), ಆರನೆಯವರು ಬಂದಾಗ ಸೊನ್ನೆಯಾದದ್ದು ಯಾಕೆ (ಗಿಡದಲ್ಲಿ ಹಣ್ಣೇ ಉಳಿದಿಲ್ಲ) ಎಂದು ತೋಟದ ಮಕ್ಕಳು ಹೇಳಿಬಿಡುತ್ತಾರೆ. ಈ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು ಎಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ‘ನಮ್ಮ ತೋಟದಲ್ಲಿ ಇಷ್ಟು ಬರಲ್ಲ ಸಾರ್’ ಎಂಬ ವಾದದಲ್ಲೇ ಗಂಟೆ ಹೊಡೆಯುತ್ತದೆ.

ಹಾಗಾದರೆ ಚಾಕೊಲೇಟ್ ದೃಶ್ಯದ ನಿಜವಾದ ಪಾಠ ಯಾವುದು? ಮಾಲೀಕ ಅಳೆಯುತ್ತಿರುವುದು ಒಂದನ್ನು, ಅವನಿಗೆ ಬೇಕಾಗಿರುವುದು ಇನ್ನೊಂದು. ‘ಸುತ್ತದ ಚಾಕೊಲೇಟ್ ಮುಂದೆ ಹೋಗಬಾರದು’ ಎಂಬುದೇ ಅಳತೆಗೋಲು, ಹಾಗಾಗಿ ಅದಷ್ಟೇ ಈಡೇರಿತು. ಚಾಕೊಲೇಟ್ ಎಲ್ಲಿ ಹೋಯಿತೆಂದು ಯಾರೂ ನೋಡಲಿಲ್ಲ. ಮಾಲು ಹಾಳಾಗುತ್ತಿದ್ದರೂ ಬೆಲ್ಟ್ ಖಾಲಿ ಕಂಡಿತು, ಅದನ್ನು ಮೇಲ್ವಿಚಾರಕಿ ದಕ್ಷತೆ ಎಂದು ಓದಿದಳು. ನಗು ಬರುವುದೂ ಸರಿಯಾಗಿ ಆ ‘ಭೇಷ್’ ಮಾತಿಗೆ. ನಗುವೂ ಪಾಠವೂ ಒಂದೇ ಜಾಗದಲ್ಲಿವೆ ಎಂದರೆ ಇದು.

ಇದನ್ನು ಕಾಫಿ ಕೊಯ್ಲಿಗೆ ತನ್ನಿ. ದಿನಗೂಲಿಯಾದರೆ ಕೈ ನಿಧಾನ. ಕೆ.ಜಿ. ಲೆಕ್ಕವಾದರೆ ಕೈ ಚುರುಕು, ಆದರೆ ಚೀಲದಲ್ಲಿ ಹಸಿರು ಕಾಯಿ ಸೇರುತ್ತದೆ, ಗಿಡದ ರೆಕ್ಕೆ (ಅಡ್ಡ ಕೊಂಬೆ) ಮುರಿಯುತ್ತದೆ, ಮುಂದಿನ ವರ್ಷದ ಫಸಲಿಗೆ ಪೆಟ್ಟು. ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ನೋಡುವುದು ತಕ್ಕಡಿಯ ಮುಳ್ಳನ್ನು. ಹಾಗಾದರೆ ಕೂಲಿ ಹೇಗೆ ನಿಗದಿ ಮಾಡಬೇಕು? ಹಸಿರು ಕಾಯಿಗೆ ಕಡಿತ ಹಾಕಿದರೆ ಚೀಲ ಬಿಚ್ಚಿ ನೋಡುವ ಖರ್ಚು ಯಾರದು? ತೋಟ ಇರುವ ಮನೆಯ ಮಕ್ಕಳೂ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳೂ ಒಂದೇ ಕ್ಲಾಸಿನಲ್ಲಿರುವ ಕಾರಣ ಈ ಚರ್ಚೆಗೆ ಬಿಸಿ ಹತ್ತುತ್ತದೆ. ಹತ್ತಲಿ, ಆದರೆ ‘ನಿಮ್ಮ ಅಪ್ಪ’, ‘ನಿಮ್ಮ ಅಮ್ಮ’ ಎಂಬ ಮಟ್ಟಕ್ಕೆ ಇಳಿಯದಂತೆ ನೋಡಿಕೊಳ್ಳಿ. ‘ಮಾಲೀಕ’, ‘ಕೆಲಸಗಾರ’ ಎಂದೇ ಮಾತಾಡಲಿ.

ತುಣುಕನ್ನು ಎಲ್ಲಿ ಕತ್ತರಿಸಬೇಕೆಂಬುದೂ ಮುಖ್ಯ. ಮೇಲ್ವಿಚಾರಕಿ ಗದರಿಸುವಲ್ಲಿಂದ ಹಿಡಿದು ಬೆಲ್ಟ್ ಜೋರು ಮಾಡಿಸುವ ಮಾತಿಗೆ ನಿಲ್ಲಿಸಿ. ಯಾವ ತುಣುಕೂ ಮೂರು ನಿಮಿಷ ದಾಟದಿರಲಿ. ಐದು ನಿಮಿಷದ ತುಣುಕಿನಲ್ಲಿ ಎರಡು ಮೂರು ವಿಷಯ ಬಂದುಬಿಡುತ್ತವೆ, ಮಕ್ಕಳು ತಮಗೆ ಬೇಕಾದ್ದನ್ನು ಹಿಡಿದುಕೊಳ್ಳುತ್ತಾರೆ.

ಲೆಕ್ಕ ಬೇಡುವ ದೃಶ್ಯ

ನಕ್ಕ ಮೇಲೆ ಕ್ಯಾಲ್ಕುಲೇಟರ್ ತೆಗೆಸುವ ತುಣುಕು ಬೇಕಿದ್ದರೆ ‘ಸೈನ್‌ಫೆಲ್ಡ್’ ನೋಡಿ. ಅಮೆರಿಕದ ಅರ್ಥಶಾಸ್ತ್ರದ ಮೇಷ್ಟ್ರುಗಳು ಈ ಧಾರಾವಾಹಿಯ ತುಣುಕುಗಳನ್ನು ಪರಿಕಲ್ಪನೆವಾರು ವಿಂಗಡಿಸಿ ಅದಕ್ಕೆಂದೇ ಜಾಲತಾಣ ಮಾಡಿದ್ದಾರೆ. 1996ರ ಒಂದು ಕಂತಿನಲ್ಲಿ ಖಾಲಿ ಬಾಟಲಿ ವಾಪಸು ಕೊಟ್ಟರೆ ನ್ಯೂಯಾರ್ಕಿನಲ್ಲಿ 5 ಸೆಂಟ್, ಮಿಷಿಗನ್‌ನಲ್ಲಿ 10 ಸೆಂಟ್. ಕ್ರೇಮರ್ ಎಂಬವನಿಗೆ ಆಸೆ ಹುಟ್ಟುತ್ತದೆ. ಅಂಚೆ ನೌಕರ ನ್ಯೂಮನ್ ತಣ್ಣೀರೆರಚುತ್ತಾನೆ: ಪೆಟ್ರೋಲು, ಟೋಲು, ಲಾರಿ ಬಾಡಿಗೆ ಕಳೆದರೆ ಏನೂ ಗಿಟ್ಟುವುದಿಲ್ಲ. ಆಮೇಲೆ ಅವನಿಗೇ ದಾರಿ ಹೊಳೆಯುತ್ತದೆ. ಅಮ್ಮಂದಿರ ದಿನದ ಹೆಚ್ಚುವರಿ ಅಂಚೆ ಸಾಗಿಸಲು ಇಲಾಖೆಯ ಲಾರಿ ಹೇಗೂ ಆ ಕಡೆ ಹೋಗಬೇಕು. ಲಾರಿ ಪುಕ್ಕಟೆ!

ಇಲ್ಲಿ ತುಣುಕು ನಿಲ್ಲಿಸಿ ‘ಒಂದು ಬಾಟಲಿಗೆ ಲಾಭ ಎಷ್ಟು?’ ಎಂದು ಕೇಳಿ. ಮುಕ್ಕಾಲು ಕ್ಲಾಸು 10 ಸೆಂಟ್ ಅನ್ನುತ್ತದೆ. ಅಲ್ಲ, 5 ಸೆಂಟ್. ಆ ಬಾಟಲಿಯನ್ನು ಮನೆ ಹತ್ತಿರವೇ ಕೊಟ್ಟಿದ್ದರೂ 5 ಸೆಂಟ್ ಬರುತ್ತಿತ್ತು. ಬಿಟ್ಟುಕೊಟ್ಟ ಆ ಐದೇ ಅವಕಾಶ ವೆಚ್ಚ. ಪುಸ್ತಕದ ವ್ಯಾಖ್ಯೆಯನ್ನು ಹತ್ತು ಸಲ ಓದಿಸಿದರೂ ಹತ್ತದ್ದು ಇಲ್ಲಿ ಹತ್ತುತ್ತದೆ, ಏಕೆಂದರೆ ತಪ್ಪು ಉತ್ತರ ಈಗಷ್ಟೇ ಅವರ ಬಾಯಿಂದಲೇ ಬಂದಿದೆ.

ಲೆಕ್ಕ ಹೀಗೆ. ಲಾರಿ ಬಾಡಿಗೆ, ಇಂಧನ, ಟೋಲು ಸೇರಿ ಒಂದು ಸುತ್ತಿಗೆ 300 ಡಾಲರ್ ಎಂದು ಇಟ್ಟುಕೊಂಡರೆ ಖರ್ಚು ಹುಟ್ಟಲು 300 ಭಾಗಿಸು 0.05, ಅಂದರೆ 6,000 ಬಾಟಲಿ ಬೇಕು. 10 ಸೆಂಟ್ ಲಾಭವೆಂದು ತಪ್ಪಾಗಿ ಹಿಡಿದವರಿಗೆ 3,000 ಸಾಕೆನ್ನಿಸುತ್ತದೆ, ಊರು ತಲುಪುವಷ್ಟರಲ್ಲಿ ಕೈ ಸುಟ್ಟಿರುತ್ತದೆ. ಲಾರಿ ಪುಕ್ಕಟೆಯಾಗಿ ಖರ್ಚು 100 ಡಾಲರಿಗೆ ಇಳಿದರೆ 2,000 ಬಾಟಲಿ. ಒಂದು ಬಾಟಲಿ ಹೆಚ್ಚಿಗೆ ಹೇರಿದರೆ ಖರ್ಚು ಬಹುತೇಕ ಏರುವುದಿಲ್ಲ, ಲಾರಿ ತುಂಬುವವರೆಗೆ. ತುಂಬಿದ ಮೇಲೆ ಒಂದೇ ಒಂದು ಬಾಟಲಿಗೂ ಇನ್ನೊಂದು ಲಾರಿ. ಸ್ಥಿರ ವೆಚ್ಚ, ಸೀಮಾಂತ ವೆಚ್ಚ ಎರಡೂ ಇಲ್ಲೇ ಬಂದುಬಿಟ್ಟವು. ಹೊರ ರಾಜ್ಯದ ಬಾಟಲಿ ತಂದು ದುಡ್ಡು ಕೇಳುವುದು ಮಿಷಿಗನ್‌ನಲ್ಲಿ ಅಪರಾಧ ಎಂಬುದನ್ನೂ ಹೇಳಿ. ಎರಡು ಕಡೆ ಎರಡು ಬೆಲೆ ಇದ್ದಾಗ ಗಡಿ ಕಾಯುವ ಖರ್ಚು ಹುಟ್ಟಿಕೊಳ್ಳುತ್ತದೆ.

ಬಾಟಲಿ ಠೇವಣಿ ನಮ್ಮವರಿಗೆ ಅಪರಿಚಿತವಲ್ಲ. ಸೋಡಾ ಬಾಟಲಿ ಮನೆಗೆ ಒಯ್ಯಬೇಕಾದರೆ ಅಂಗಡಿಯವರು ಡಿಪಾಸಿಟ್ ಕೇಳುತ್ತಿದ್ದದ್ದು ಹಿರಿಯರಿಗೆ ಗೊತ್ತು. ಹತ್ತಿರದ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳು ಖಾಲಿ ಬಾಟಲಿ ವಾಪಸು ತಂದವರಿಗೆ 10 ರೂಪಾಯಿ ಕೊಡುತ್ತಿವೆ. ಖರೀದಿಸುವಾಗಲೇ ಹೆಚ್ಚಿಗೆ ಪಡೆದ 10 ರೂಪಾಯಿ ಅದು. ಕೊಡಗಿನ ಬಾಟಲಿಗಳನ್ನು ಜೀಪಿಗೆ ಹೇರಿ ವಯನಾಡು ದಾಟಿ ನೀಲಗಿರಿಯ ಗೂಡಲೂರಿಗೆ ಒಯ್ದರೆ ಏನಾಗುತ್ತದೆ, ಅದನ್ನು ತಡೆಯಲು ಬಾಟಲಿಯ ಮೇಲೆ ಏನು ಗುರುತು ಹಾಕಬೇಕು ಎಂದು ಮನೆಗೆಲಸ ಕೊಡಿ. ಚೆನ್ನಾಗಿ ಬರೆಯುತ್ತಾರೆ.

ಇದೇ ಲೆಕ್ಕದ ಕೊಡಗಿನ ರೂಪವೂ ಸಿದ್ಧವಿರಲಿ. ಸಿದ್ದಾಪುರದಲ್ಲಿ ವ್ಯಾಪಾರಿ ಕಣಕ್ಕೇ ಬಂದು ರೊಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಕೊಳ್ಳುತ್ತಾನೆ. ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ 50 ಕೆ.ಜಿ. ಚೀಲಕ್ಕೆ 150 ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಪಿಕಪ್ ಬಾಡಿಗೆ 1,800. ಎಷ್ಟು ಚೀಲದ ಮೇಲೆ ಹೋಗುವುದು ಲಾಭ? 12ಕ್ಕೆ ಸರಿಸಮ, 20 ಚೀಲಕ್ಕೆ 1,200 ರೂಪಾಯಿ ಉಳಿಕೆ. ಇಲ್ಲಿಗೇ ನಿಲ್ಲಬೇಡಿ. ಒಂದು ದಿನದ ಕೆಲಸ ಬಿಟ್ಟು ಗಾಡಿಯ ಜೊತೆ ಹೋದವರ ಕೂಲಿ ಲೆಕ್ಕಕ್ಕೆ ಬಂತೇ? ಐದೇ ಚೀಲ ಇರುವ ಸಣ್ಣ ಬೆಳೆಗಾರರು ಮನೆ ಬಾಗಿಲಲ್ಲೇ ಕಡಿಮೆಗೆ ಯಾಕೆ ಕೊಡುತ್ತಾರೆ? ಮೂವರು ಸೇರಿ ಒಂದೇ ಗಾಡಿ ಮಾಡಿದರೆ?

ಒಂದು ಪಿರಿಯಡ್ಡಿನ ನಡಿಗೆ

ತುಣುಕು ಹಾಕುವ ಮೊದಲು ಪ್ರಶ್ನೆ ಬೋರ್ಡಿನ ಮೇಲೆ ಇರಬೇಕು, ಅದರಲ್ಲಿ ಪರಿಕಲ್ಪನೆಯ ಹೆಸರು ಇರಬಾರದು. ‘ಈಗ ಅವಕಾಶ ವೆಚ್ಚದ ದೃಶ್ಯ ನೋಡೋಣ’ ಎಂದಿರೋ, ಮಕ್ಕಳು ಯೋಚಿಸುವುದನ್ನು ಬಿಟ್ಟು ಹೊಂದಿಸುವುದಕ್ಕೆ ಕೂರುತ್ತಾರೆ. ‘ಇವರು ಹೊರಡಬೇಕೇ, ಬೇಡವೇ?’ ಎಂದಷ್ಟೇ ಬರೆಯಿರಿ.

ಮೊದಲ ಸಲ ಪೂರ್ತಿ ಓಡಿಸಿ, ನಗಲು ಬಿಡಿ, ನಡುವೆ ಮಾತಾಡಬೇಡಿ. ಜೋಕನ್ನು ಬಿಡಿಸಿ ಹೇಳುವ ಮೇಷ್ಟ್ರಷ್ಟು ಬೇಜಾರು ಇನ್ನಾರೂ ಮಾಡುವುದಿಲ್ಲ. ಮುಗಿದ ಕೂಡಲೇ ಮೂರು ನಿಮಿಷ ಮೌನವಾಗಿ ಬರೆಯಲಿ: ಉತ್ತರ ಒಂದು ಸಾಲು, ಕಾರಣ ಒಂದು ಸಾಲು. ಇದನ್ನು ತಪ್ಪಿಸಿದರೆ ಮುಂದಿನ ಬೆಂಚಿನ ಇಬ್ಬರು ಮಾತಾಡುತ್ತಾರೆ, ಉಳಿದ ನಲವತ್ತು ಮಂದಿ ತಲೆಯಾಡಿಸುತ್ತಾರೆ. ಎರಡನೇ ಸಲ ತುಂಡು ತುಂಡಾಗಿ ತೋರಿಸಿ, ಎರಡೇ ಜಾಗದಲ್ಲಿ ನಿಲ್ಲಿಸಿ. ಈಗ ನಗು ಕಡಿಮೆ, ಕಣ್ಣು ಚುರುಕು. ಆಮೇಲೆ ಲೆಕ್ಕ, ಆಮೇಲೆ ತೋಟದ ಉದಾಹರಣೆ. ಪರಿಕಲ್ಪನೆಯ ಹೆಸರನ್ನು ಬೋರ್ಡಿಗೆ ಬರೆಯುವುದು ಕೊಟ್ಟಕೊನೆಗೆ, ಪಠ್ಯದಲ್ಲಿರುವ ಕನ್ನಡ ಪದದಲ್ಲೇ. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಅದೇ.

ಒಂದು ಗಂಟೆಯ ಪಿರಿಯಡ್ಡಿನಲ್ಲಿ ಪರದೆಯ ಮೇಲೆ ಒಟ್ಟು ಏಳೆಂಟು ನಿಮಿಷ ಮಾತ್ರ. ವಾರಕ್ಕೊಂದು ತುಣುಕು ಸಾಕು. ಹೆಚ್ಚಾದರೆ ಅದಕ್ಕೂ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ (ಹೆಚ್ಚು ಸಿಕ್ಕಷ್ಟೂ ಮುಂದಿನದರ ತೃಪ್ತಿ ಕಡಿಮೆ) ಅನ್ವಯಿಸುತ್ತದೆ!

ಕಲಿತರೋ ಇಲ್ಲವೋ ಎಂದು ನೋಡಲು ಅದೇ ತುಣುಕಿನ ಮೇಲೆ ಪ್ರಶ್ನೆ ಕೇಳಬೇಡಿ, ಅದು ನೆನಪಿನ ಪರೀಕ್ಷೆಯಾಗುತ್ತದೆ. ವಾರ ಬಿಟ್ಟು, ವಿಡಿಯೊ ಇಲ್ಲದೆ, ನಾಲ್ಕು ಸಾಲಿನಲ್ಲಿ ಹೊಸ ಸನ್ನಿವೇಶ ಕೊಡಿ. ಮಡಿಕೇರಿಯ ಸಂತೆಯಲ್ಲಿ ಸಂಜೆ ಆರಕ್ಕೆ ಬೀನ್ಸ್ ಅರ್ಧ ಬೆಲೆಗೆ ಬಿಕರಿಯಾಗುತ್ತಿದೆ, ಬೆಳೆದ ಖರ್ಚೂ ಹುಟ್ಟುವುದಿಲ್ಲ. ಮಾರುವವನು ಮೂರ್ಖನೇ?

ಸಬ್‌ಟೈಟಲ್: ಇಲ್ಲೇ ಹೆಚ್ಚು ಮಂದಿ ಕೈಚೆಲ್ಲುವುದು

ಇಂಗ್ಲಿಷ್ ತುಣುಕಿಗೆ ಕನ್ನಡ ಸಾಲುಗಳನ್ನು ನೀವೇ ಹಾಕಬಹುದು, ಮೂರು ನಿಮಿಷಕ್ಕೆ ಒಂದು ಗಂಟೆಯ ಕೆಲಸ. ನೋಟ್‌ಪ್ಯಾಡಿನಲ್ಲಿ ಮೊದಲ ಸಾಲಿಗೆ ಕ್ರಮಸಂಖ್ಯೆ 1. ಎರಡನೆಯ ಸಾಲಿಗೆ ಸಮಯ, ಹೀಗೆ:

00:00:04,000 --> 00:00:07,500

ಮೂರನೆಯ ಸಾಲಿಗೆ ಮಾತು, ಆಮೇಲೊಂದು ಖಾಲಿ ಸಾಲು, ಮತ್ತೆ 2. ಸೆಕೆಂಡಿನ ನಂತರ ಬರುವುದು ಅಲ್ಪವಿರಾಮ, ಚುಕ್ಕಿಯಲ್ಲ. ಕಡತಕ್ಕೆ ವಿಡಿಯೊದ ಹೆಸರನ್ನೇ ಕೊಟ್ಟು, ಕೊನೆಯಲ್ಲಿ ಎಸ್‌ಆರ್‌ಟಿ (.srt) ವಿಸ್ತರಣೆ ಹಾಕಿ, ಅದೇ ಫೋಲ್ಡರಿನಲ್ಲಿಡಿ. ವಿಎಲ್‌ಸಿ ಪ್ಲೇಯರ್ ತಾನೇ ಎತ್ತಿಕೊಳ್ಳುತ್ತದೆ.

ಅಕ್ಷರಗಳು ಗೀಚಿದಂತೆ ಕಂಡರೆ ಕಾರಣ ಬಹುತೇಕ ಎರಡೇ. ಒಂದು, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದು ಪರದೆಯ ಮೇಲೆ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ, ಆದ್ದರಿಂದ ಯೂನಿಕೋಡ್‌ನಲ್ಲೇ ಬರೆಯಿರಿ. ಎರಡು, ಉಳಿಸುವಾಗ ಯುಟಿಎಫ್-8 ಆರಿಸದೇ ಇದ್ದದ್ದು. ಅಕ್ಷರದ ಬದಲು ಬರೀ ಚೌಕ ಕಂಡರೆ ವಿಎಲ್‌ಸಿಯ ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ. ಮಾತಿಗೂ ಸಾಲಿಗೂ ತಾಳ ತಪ್ಪಿದರೆ ಓಡುತ್ತಿರುವಾಗಲೇ ಕೀಲಿಮಣೆಯ ‘ಜಿ’, ‘ಹೆಚ್’ ಒತ್ತಿ ಹಿಂದೆ ಮುಂದೆ ಸರಿಸಬಹುದು.

ಪದಕ್ಕೆ ಪದ ಅನುವಾದಿಸಬೇಡಿ. ಕನ್ನಡದ ಪದ ಉದ್ದ, ಕಣ್ಣು ಹಿಂದೆ ಬೀಳುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ ಎರಡು ಸಾಲು, ಸಾಲಿಗೆ ಐದಾರು ಪದ. ಜೋಕಿನ ಕೊನೆಯ ಪದ ನಟ ಬಾಯಿ ಬಿಡುವ ಮೊದಲೇ ಪರದೆಗೆ ಬಂದರೆ ನಗು ಸತ್ತಂತೆ. ಅದನ್ನು ಬೇರೆ ಸಾಲಾಗಿ ಒಡೆದು, ಅರ್ಧ ಸೆಕೆಂಡ್ ತಡವಾಗಿ ಬರಿಸಿ.

ಮಳೆಗಾಲದ ಮಾತನ್ನೂ ಹೇಳಿಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಲ್ಯಾಪ್‌ಟಾಪಿನ ಸ್ಪೀಕರ್ ಏನೇನೂ ಸಾಲದು. ಕನ್ನಡ ತುಣುಕಿಗೂ ಸಬ್‌ಟೈಟಲ್ ಹಾಕಿಡಿ, ಇಲ್ಲವೇ ಮಾತಿಲ್ಲದ ದೃಶ್ಯಗಳನ್ನು ಆ ತಿಂಗಳುಗಳಿಗೆ ಮೀಸಲಿಡಿ. ನೆಟ್‌ವರ್ಕ್ ನಂಬಿ ಕ್ಲಾಸಿಗೆ ಹೋಗಬೇಡಿ, ತುಣುಕು ಪೆನ್‌ಡ್ರೈವಿನಲ್ಲಿರಲಿ. ಕರೆಂಟ್ ಹೋದರೆ ಇಬ್ಬರು ಮಕ್ಕಳಿಗೆ ದೃಶ್ಯದ ಸಾರಾಂಶದ ಚೀಟಿ ಕೊಟ್ಟು ಆಡಿಸಿಬಿಡಿ. ಎಷ್ಟೋ ಸಲ ಅದೇ ಮೂಲಕ್ಕಿಂತ ಚೆನ್ನಾಗಿರುತ್ತದೆ.

ಹಕ್ಕುಸ್ವಾಮ್ಯದ ಭಯ ಇರುವವರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಣ ಸಂಸ್ಥೆಯೊಳಗೆ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರ ಮುಂದೆ ತೋರಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಅದೇ ತುಣುಕನ್ನು ನಿಮ್ಮ ಯೂಟ್ಯೂಬ್ ಚಾನೆಲ್ಲಿಗೆ ಹಾಕಿದರೆ ಆ ರಕ್ಷಣೆಯ ಮೇಲೆ ಭಾರ ಹಾಕಬೇಡಿ.

ಇನ್ನೆರಡು ದೃಶ್ಯ, ಒಂದು ಎಚ್ಚರಿಕೆ

ಸೈನ್‌ಫೆಲ್ಡ್‌ನದೇ 1995ರ ಸೂಪ್ ಅಂಗಡಿಯ ಕಂತನ್ನು ಏಕಸ್ವಾಮ್ಯಕ್ಕೆಂದು ತೋರಿಸುವುದು ರೂಢಿ. ಊರಲ್ಲಿ ಸೂಪ್ ಮಾರುವವನು ಅವನೊಬ್ಬನೇ ಅಲ್ಲ, ಅವನ ರುಚಿ ಮಾತ್ರ ಬೇರೆ. ಇದು ವಸ್ತು ಭಿನ್ನತೆ. ಅದಕ್ಕಿಂತ ಕುತೂಹಲದ ಪ್ರಶ್ನೆ ಆ ಉದ್ದದ ಕ್ಯೂ. ಬೆಲೆ ಏರಿಸಿ ಕ್ಯೂ ಕರಗಿಸುವ ಬದಲು ಅವನು ಕಠಿಣ ನಿಯಮ ಹಾಕಿ, ಮುರಿದವರನ್ನು ಓಡಿಸುತ್ತಾನೆ. ಅಧಿಕ ಬೇಡಿಕೆಯನ್ನು ಬೆಲೆಯಿಂದಲ್ಲದೆ ನಿಯಮದಿಂದ ಹಂಚುವುದು ಹೀಗೆ. ರಜೆಯ ದಿನ ಮಡಿಕೇರಿಯ ಹೋಂಸ್ಟೇಗಳು ಬೆಲೆ ಏರಿಸುತ್ತವೆ, ಹೆಸರಾದ ಊಟದ ಹೋಟೆಲು ಮಾತ್ರ ಪಂದಿಕರಿಯ ಬೆಲೆ ಏರಿಸದೆ ಜನರನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಯಾಕೆ?

ರಾಷ್ಟ್ರೀಯ ವರಮಾನದ ಅಧ್ಯಾಯಕ್ಕೆ ಬ್ರಿಟನ್ನಿನ ‘ಯೆಸ್ ಮಿನಿಸ್ಟರ್’ನ 1981ರ ಕಂತೊಂದಿದೆ. ಐನೂರು ಮಂದಿ ಸಿಬ್ಬಂದಿ ಇರುವ ಆಸ್ಪತ್ರೆ, ಒಬ್ಬ ರೋಗಿಯೂ ಇಲ್ಲ. ಸರ್ಕಾರದ ಸೇವೆಗೆ ಮಾರುಕಟ್ಟೆ ಬೆಲೆ ಇಲ್ಲದ ಕಾರಣ ಅದನ್ನು ತಗಲಿದ ವೆಚ್ಚದಲ್ಲೇ, ಮುಖ್ಯವಾಗಿ ಸಂಬಳದಲ್ಲಿ, ಅಳೆಯುತ್ತಾರೆ. ಹಾಗಿದ್ದರೆ ರೋಗಿ ಇಲ್ಲದ ಆಸ್ಪತ್ರೆ ಜಿಡಿಪಿಗೆ ಎಷ್ಟು ಸೇರಿಸಿತು ಎಂದು ಕೇಳಿ, ಸುಮ್ಮನೆ ನಿಂತುಕೊಳ್ಳಿ. ಮಾತು ತುಂಬ ಇರುವುದರಿಂದ ಸಬ್‌ಟೈಟಲ್ ಇಲ್ಲದೆ ಇದನ್ನು ಮುಟ್ಟಬೇಡಿ.

ಮಿಸ್ಟರ್ ಬೀನ್ ಹೋಟೆಲಿನಲ್ಲಿ ಜೇಬಿನ ದುಡ್ಡು ಎಣಿಸಿ, ಮೆನು ನೋಡಿ ಊಟ ಹೇಳುವ ದೃಶ್ಯ ಬಜೆಟ್ ರೇಖೆಗೆ (ಇರುವ ದುಡ್ಡಿನಲ್ಲಿ ಏನೇನು ಕೊಳ್ಳಬಹುದೆಂದು ತೋರಿಸುವ ಗೆರೆ) ಸೊಗಸು. ತಟ್ಟೆಗೆ ಬಂದದ್ದು ತಿನ್ನಲಾಗದೆ ಅದನ್ನು ಹೂದಾನಿಯಲ್ಲಿ, ಬ್ರೆಡ್ಡಿನಲ್ಲಿ ಬಚ್ಚಿಡುವುದು ಋಣಾತ್ಮಕ ತುಷ್ಟಿಗುಣಕ್ಕೆ ಸರಿಯಾದ ಚಿತ್ರ. ಆದರೆ ಆ ತಟ್ಟೆಯಲ್ಲಿರುವುದು ಹಸಿ ದನದ ಮಾಂಸ. ಯಾವ ತುಣುಕನ್ನಾದರೂ ಹಿಂದಿನ ದಿನ ಪೂರ್ತಿ ನೋಡಿ, ನಿಮ್ಮ ಕ್ಲಾಸಿನ ಮುಖಗಳನ್ನು ನೆನೆದುಕೊಂಡು, ಆಮೇಲೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.